ಟ್ಯಾಬ್ಲಾಯ್ಡ್: ಕಾಗದದ ಅಳತೆಗೆ ಅಂಟಿದ ಕೆಟ್ಟ ಹೆಸರು

ಯುರೋಪಿನಲ್ಲಿ ಟ್ಯಾಬ್ಲಾಯ್ಡ್ ಪತ್ರಿಕೋದ್ಯಮದ ಮಾತು ಬಂದರೆ ಜರ್ಮನಿಯ ‘ಬಿಲ್ಡ್’ ಹೆಸರು ಬಂದೇ ಬರುತ್ತದೆ. 1952ರಲ್ಲಿ ಆಕ್ಸೆಲ್ ಸ್ಪ್ರಿಂಗರ್ ಶುರುಮಾಡಿದ ಈ ದಿನಪತ್ರಿಕೆಯಲ್ಲಿ ಗೇಣುದ್ದದ ಶೀರ್ಷಿಕೆಗಳಿವೆ, ತಾರೆಯರ ಮನೆಜಗಳವಿದೆ, ಕೊಲೆಯಿದೆ, ಫುಟ್‌ಬಾಲ್ ಇದೆ, ರಾಜಕಾರಣಿಗಳ ಮೇಲೆ ಏಕವಚನದ ಗದರಿಕೆಯೂ ಇದೆ. ಆದರೆ ಅಳತೆಪಟ್ಟಿ ಹಿಡಿದು ನೋಡಿದರೆ ಅದು ಟ್ಯಾಬ್ಲಾಯ್ಡೇ ಅಲ್ಲ, ಅಗಲ ಹಾಳೆಯ ಪತ್ರಿಕೆ. ಇನ್ನೊಂದು ಕಡೆ ಸ್ಪೇನಿನ ‘ಎಲ್ ಪಾಯಿಸ್’ ಇದೆ. ಸರ್ವಾಧಿಕಾರಿ ಫ್ರಾಂಕೋ ಸತ್ತ ಮರುವರ್ಷ, 1976ರಲ್ಲಿ, ಹುಟ್ಟಿದ ಆ ಪತ್ರಿಕೆ ದೇಶದ ಅತಿ ಗಂಭೀರ ಪತ್ರಿಕೆಗಳಲ್ಲೊಂದು. ಅದರ ಅಳತೆ ಮಾತ್ರ ಟ್ಯಾಬ್ಲಾಯ್ಡಿನದು.

ಹಾಗಿದ್ದರೂ ‘ಅದು ಬರೀ ಟ್ಯಾಬ್ಲಾಯ್ಡ್ ಸುದ್ದಿ’ ಎಂದು ಯಾರಾದರೂ ಮೂಗು ಮುರಿದರೆ ನಮಗೆ ಅರ್ಥ ತಕ್ಷಣ ಹೊಳೆಯುತ್ತದೆ. ಅವರು ಹಾಳೆಯ ಅಗಲದ ಬಗ್ಗೆ ಹೇಳುತ್ತಿಲ್ಲ. ಒಂದು ಕಾಗದದ ಅಳತೆಗೆ ಒಂದು ನಡತೆಯ ಆರೋಪ ಹೇಗೆ ಅಂಟಿಕೊಂಡಿತು, ಕಾಗದವೇ ಮರೆಯಾಗುತ್ತಿರುವ ಈ ಕಾಲದಲ್ಲಿ ಆ ನಡತೆ ಏಕೆ ಇನ್ನಷ್ಟು ಹರಡಿದೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಮೊದಲು ಅಳತೆ. ಬ್ರಾಡ್‌ಶೀಟ್ ಎನ್ನುವ ದೊಡ್ಡ ಪತ್ರಿಕೆಯ ಪುಟ ಸುಮಾರು 60 ಸೆಂ.ಮೀ. ಉದ್ದ, 37-40 ಸೆಂ.ಮೀ. ಅಗಲ. ಟ್ಯಾಬ್ಲಾಯ್ಡ್ ಪುಟ ಅದರ ಸರಿಸುಮಾರು ಅರ್ಧ: 43 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ, ದೇಶದಿಂದ ದೇಶಕ್ಕೆ ಒಂದಿಷ್ಟು ಆಚೀಚೆ. ಮುದ್ರಣ ಯಂತ್ರದಲ್ಲಿ ಒಂದು ಬ್ರಾಡ್‌ಶೀಟ್ ಪುಟ ಕೂರುವ ಜಾಗದಲ್ಲಿ ಎರಡು ಟ್ಯಾಬ್ಲಾಯ್ಡ್ ಪುಟಗಳು ಅಡ್ಡಲಾಗಿ ಕೂರುತ್ತವೆ. ಇವೆರಡರ ನಡುವೆ ಬರ್ಲಿನರ್ ಎಂಬ ಇನ್ನೊಂದು ಅಳತೆಯೂ ಇದೆ. ಫ್ರಾನ್ಸಿನ ‘ಲ ಮೋಂಡ್’ ಅದರಲ್ಲಿ ಬರುತ್ತದೆ.

ದೊಡ್ಡ ಹಾಳೆಗೇನೂ ಹುಟ್ಟಿನಿಂದ ಬಂದ ಘನತೆ ಇರಲಿಲ್ಲ. ಬ್ರಿಟನ್ನಿನಲ್ಲಿ 1712ರಿಂದ 1855ರವರೆಗೆ ಪತ್ರಿಕೆಗಳ ಮೇಲೆ ಮುದ್ರಾಂಕ ಸುಂಕವಿತ್ತು, ಅದನ್ನು ಹಾಳೆಯ ಲೆಕ್ಕದಲ್ಲಿ ಹಾಕುತ್ತಿದ್ದರು. ಹಾಳೆ ಎಷ್ಟು ದೊಡ್ಡದೋ ಅಷ್ಟು ಲಾಭ. ಸುಂಕ ಹೋದ ಮೇಲೂ ಅಗಲ ಹಾಳೆ ಉಳಿಯಿತು. ಅದನ್ನು ಹರಡಿ ಓದಲು ಮೇಜು, ಬಿಡುವು, ಮನೆಯಲ್ಲೊಂದು ಕೋಣೆ ಇದ್ದವರು ಅದರ ಓದುಗರಾದರು. ತೆರಿಗೆ ಉಳಿಸುವ ಉಪಾಯವೊಂದು ಕಾಲಕ್ರಮದಲ್ಲಿ ಅಂತಸ್ತಿನ ಗುರುತಾಯಿತು.

‘ಟ್ಯಾಬ್ಲಾಯ್ಡ್’ ಎಂಬ ಹೆಸರಿನ ಮೂಲ ಔಷಧಿ ಅಂಗಡಿಯಲ್ಲಿದೆ. ಲಂಡನ್ನಿನ ಬರೋಸ್ ವೆಲ್‌ಕಮ್ ಕಂಪನಿ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳಿಗೆ 1884ರಲ್ಲಿ ಈ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಂಡಿತ್ತು. ಒತ್ತಿ ಚಿಕ್ಕದು ಮಾಡಿದ ಯಾವುದನ್ನಾದರೂ ಜನ ಹಾಗೇ ಕರೆಯತೊಡಗಿದಾಗ ಕಂಪನಿ ಕೋರ್ಟಿಗೆ ಹೋಯಿತು. ಔಷಧಿ ವ್ಯಾಪಾರದೊಳಗೆ ಹೆಸರು ಉಳಿಸಿಕೊಂಡಿತೇ ಹೊರತು ಅದು ಹೊರಗೆ ಹರಿದಾಡುವುದನ್ನು ತಡೆಯಲಾಗಲಿಲ್ಲ.

ಅದನ್ನು ಪತ್ರಿಕೆಗೆ ತಂದವರು ಬ್ರಿಟನ್ನಿನ ‘ಡೈಲಿ ಮೇಲ್’ ಒಡೆಯ ಆಲ್‌ಫ್ರೆಡ್ ಹಾರ್ಮ್ಸ್‌ವರ್ತ್. ನ್ಯೂಯಾರ್ಕಿನಲ್ಲಿ ಜೋಸೆಫ್ ಪುಲಿಟ್ಜರ್ ತಮ್ಮ ‘ವರ್ಲ್ಡ್’ ಪತ್ರಿಕೆಯನ್ನು ಒಂದು ದಿನದ ಮಟ್ಟಿಗೆ ಇವರ ಕೈಗೆ ಕೊಟ್ಟರು. 1901ರ ಜನವರಿ 1, ಹೊಸ ಶತಮಾನದ ಮೊದಲ ದಿನ. ಹಾರ್ಮ್ಸ್‌ವರ್ತ್ ಪುಟವನ್ನು ಅರ್ಧಕ್ಕಿಳಿಸಿದರು, ಯಾವ ಸುದ್ದಿಯೂ 250 ಪದ ದಾಟಬಾರದು ಎಂದರು, ಇಪ್ಪತ್ತನೇ ಶತಮಾನದ ಪತ್ರಿಕೆ ಇದೇ ಎಂದು ಸಾರಿದರು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಂದು ಈ ಪದದೊಳಗೆ ಅಶ್ಲೀಲವೂ ಇರಲಿಲ್ಲ, ಚಾಡಿಯೂ ಇರಲಿಲ್ಲ. ಪುರುಸೊತ್ತಿಲ್ಲದ ಓದುಗನಿಗೆ ಸುದ್ದಿಯನ್ನು ಒತ್ತಿ ಕೊಡುವುದು ಎಂಬುದಷ್ಟೇ ಅದರ ಅರ್ಥ.

ಹಾಗಾದರೆ ಚಾಡಿ, ರಕ್ತ, ಉದ್ಗಾರ ಚಿಹ್ನೆಗಳೆಲ್ಲ ಎಲ್ಲಿದ್ದವು? ದೊಡ್ಡ ಹಾಳೆಯಲ್ಲೇ ಇದ್ದವು. 1890ರ ದಶಕದಲ್ಲಿ ಪುಲಿಟ್ಜರ್ ಮತ್ತು ವಿಲಿಯಂ ರಾಂಡಾಲ್ಫ್ ಹರ್ಸ್ಟ್ ನ್ಯೂಯಾರ್ಕಿನಲ್ಲಿ ನಡೆಸಿದ ‘ಹಳದಿ ಪತ್ರಿಕೋದ್ಯಮ’ದ ಕುಸ್ತಿ ನಡೆದದ್ದು ಬ್ರಾಡ್‌ಶೀಟ್ ಅಖಾಡದಲ್ಲಿ. ಲಂಡನ್ನಿನ ‘ನ್ಯೂಸ್ ಆಫ್ ದ ವರ್ಲ್ಡ್’ ಪಾದ್ರಿಗಳ ವ್ಯಭಿಚಾರ, ವಿಚ್ಛೇದನದ ಸಾಕ್ಷ್ಯಗಳನ್ನು ಚಪ್ಪರಿಸುವಂತೆ ಬಡಿಸಿಯೇ ಹೆಸರು ಮಾಡಿತು. 1843ರಲ್ಲಿ ಹುಟ್ಟಿದ ಆ ಪತ್ರಿಕೆ ಟ್ಯಾಬ್ಲಾಯ್ಡ್ ಅಳತೆಗೆ ಇಳಿದದ್ದು 1984ರಲ್ಲಿ. ಅಂದರೆ ಅದರ ಆಯುಷ್ಯದ ಬಹುಪಾಲು ಹಗರಣಗಳೆಲ್ಲ ‘ಗೌರವಸ್ಥ’ ಅಗಲದಲ್ಲೇ ಅಚ್ಚಾದವು.

ಒಂದು ಸಲಕ್ಕೆ ಎಷ್ಟು ಮಾರುತ್ತೀರಿ?

ಅಳತೆ ನಡತೆಯನ್ನು ಹುಟ್ಟಿಸುವುದಿಲ್ಲ ಎಂದ ಮೇಲೆ ಅದನ್ನು ಹುಟ್ಟಿಸುವುದು ಯಾವುದು? ನನ್ನ ಮಟ್ಟಿಗೆ ಉತ್ತರ ವ್ಯಾಪಾರದಲ್ಲಿದೆ. ಪತ್ರಿಕೆ ಒಂದು ಸಲದ ಮಾರಾಟದಲ್ಲಿ ಎಷ್ಟನ್ನು ಮಾರುತ್ತದೆ ಎಂಬುದನ್ನು ಕೇಳಿದರೆ ಅದರ ದನಿಯನ್ನು ಬಹುಮಟ್ಟಿಗೆ ಊಹಿಸಬಹುದು. ವರ್ಷದ ಚಂದಾ ಕಟ್ಟಿದ ಓದುಗನಿಗೆ ಮಂಗಳವಾರದ ಮುಖಪುಟ ಸಪ್ಪೆಯಾಗಿದ್ದರೂ ಬುಧವಾರ ಪತ್ರಿಕೆ ಬಾಗಿಲಿಗೆ ಬರುತ್ತದೆ. ಬೀದಿಯ ಸ್ಟಾಂಡಿನಲ್ಲಿ ಒಂದೊಂದೇ ಪ್ರತಿ ಮಾರಿಕೊಳ್ಳುವ ಪತ್ರಿಕೆಗೆ ಆ ಸುಖವಿಲ್ಲ. ನಿನ್ನೆ ಕೊಂಡವನು ಇಂದು ಅಪರಿಚಿತ. ಪಕ್ಕದಲ್ಲಿ ಇನ್ನೂ ಏಳೆಂಟು ಪತ್ರಿಕೆಗಳು ನೇತಾಡುತ್ತಿರುತ್ತವೆ, ಅವನು ರೈಲು ಹಿಡಿಯುವ ಅವಸರದಲ್ಲಿರುತ್ತಾನೆ, ಸಿಗುವುದು ಎರಡೇ ಕ್ಷಣ.

ಇದಕ್ಕೆ ಸಾಕ್ಷಿ ಟ್ಯಾಬ್ಲಾಯ್ಡ್ ಎಂಬ ಪದಕ್ಕಿಂತ ಹಳೆಯದು. 1833ರವರೆಗೆ ನ್ಯೂಯಾರ್ಕಿನ ಪತ್ರಿಕೆಗಳು ಆರು ಸೆಂಟಿನ ಬೆಲೆಯವು. ವ್ಯಾಪಾರಿಗಳೂ ರಾಜಕಾರಣಿಗಳೂ ಚಂದಾ ಕಟ್ಟಿ ತರಿಸುತ್ತಿದ್ದವು. ಆ ವರ್ಷ ಬೆಂಜಮಿನ್ ಡೇ ‘ಸನ್’ ಎಂಬ ಪತ್ರಿಕೆಯನ್ನು ಒಂದು ಸೆಂಟಿಗೆ ಬೀದಿ ಹುಡುಗರ ಕೈಯಲ್ಲಿ ಕೂಗಿಸಿ ಮಾರಿಸಿದರು. ಕೂಡಲೇ ಸುದ್ದಿಯ ರುಚಿಯೂ ಬದಲಾಯಿತು. ಪೊಲೀಸ್ ಕೋರ್ಟಿನ ಕುಡುಕರು, ಬೀದಿ ಹೊಡೆದಾಟಗಳು ಅಂಕಣ ತುಂಬಿದವು. 1835ರಲ್ಲಿ ಅದೇ ಪತ್ರಿಕೆ ಚಂದ್ರನ ಮೇಲೆ ಬಾವಲಿ ರೆಕ್ಕೆಯ ಮನುಷ್ಯರನ್ನು ದೂರದರ್ಶಕದಲ್ಲಿ ಕಂಡರೆಂದು ಸರಣಿ ಲೇಖನವನ್ನೇ ಬರೆಯಿತು. ಎಲ್ಲವೂ ಕಟ್ಟುಕಥೆ. ಕೂಗಿ ಮಾರುವ ಪತ್ರಿಕೆ ಕೂಗುವುದಕ್ಕೆ ಒದಗುವಂಥದ್ದನ್ನೇ ಬರೆಯತೊಡಗಿತು.

ಹೀಗೆ ನೋಡಿದರೆ ಚಿಕ್ಕ ಹಾಳೆ ಮತ್ತು ದೊಡ್ಡ ಗಂಟಲು ಜೊತೆಯಾದದ್ದು ಬೀದಿಯಲ್ಲಿ, ರೈಲಿನಲ್ಲಿ. ಸುರಂಗ ರೈಲಿನಲ್ಲಿ ನಿಂತು, ಒಂದು ಕೈಯಲ್ಲಿ ಪಟ್ಟಿ ಹಿಡಿದವನಿಗೆ ಬ್ರಾಡ್‌ಶೀಟ್ ತಿರುಗಿಸುವುದು ಅಸಾಧ್ಯ. ಅರ್ಧ ಹಾಳೆ ಸಲೀಸು. ಬಿಡಿ ಮಾರಾಟಕ್ಕೆ ಯಾವ ಜಾಗ ಅನುಕೂಲವೋ ಅದೇ ಜಾಗಕ್ಕೆ ಈ ಅಳತೆಯೂ ಅನುಕೂಲವಾಯಿತು, ಅಷ್ಟೆ.

ಅಮೆರಿಕದ ಪತ್ರಿಕೋದ್ಯಮಿ ಜೋಸೆಫ್ ಮೆಡಿಲ್ ಪ್ಯಾಟರ್ಸನ್ ಇದನ್ನು ಚೆನ್ನಾಗಿ ಅರಿತಿದ್ದರು. ಹಾರ್ಮ್ಸ್‌ವರ್ತ್‌ರ ‘ಡೈಲಿ ಮಿರರ್’ 1903ರಲ್ಲಿ ಹೆಂಗಸರಿಗಾಗಿ ಹೆಂಗಸರೇ ತರುವ ಪತ್ರಿಕೆಯಾಗಿ ಶುರುವಾಗಿ, ನೆಲಕಚ್ಚಿ, ಮರುವರ್ಷ ಚಿತ್ರಗಳ ಪತ್ರಿಕೆಯಾಗಿ ಎದ್ದು ನಿಂತಿತ್ತು. ಆ ಮಾದರಿಯನ್ನು ಪ್ಯಾಟರ್ಸನ್ 1919ರ ಜೂನಿನಲ್ಲಿ ನ್ಯೂಯಾರ್ಕಿಗೆ ತಂದರು. ಅವರ ‘ಡೈಲಿ ನ್ಯೂಸ್’ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಪ್ರಸಾರದ ಪತ್ರಿಕೆಯಾಯಿತು. 1928ರ ಜನವರಿಯಲ್ಲಿ ಗಂಡನನ್ನು ಕೊಂದ ರೂತ್ ಸ್ನೈಡರ್ ಎಂಬಾಕೆಯನ್ನು ಸಿಂಗ್ ಸಿಂಗ್ ಜೈಲಿನ ವಿದ್ಯುತ್ ಕುರ್ಚಿಗೆ ಏರಿಸಿದಾಗ ಕ್ಯಾಮೆರಾಗಳಿಗೆ ಪ್ರವೇಶವಿರಲಿಲ್ಲ. ಪತ್ರಿಕೆ ಕಳಿಸಿದ ಟಾಮ್ ಹೊವಾರ್ಡ್ ಪುಟ್ಟ ಕ್ಯಾಮೆರಾವನ್ನು ಕಣಕಾಲಿಗೆ ಕಟ್ಟಿಕೊಂಡು ಹೋಗಿ, ಪ್ಯಾಂಟನ್ನು ಮೇಲೆಳೆದು, ಆಕೆ ಸಾಯುವ ಕ್ಷಣವನ್ನು ತೆಗೆದರು. ಮರುದಿನದ ಮುಖಪುಟದಲ್ಲಿ ಆ ಚಿತ್ರ, ಮೇಲೆ ‘ಸತ್ತಳು!’ ಎಂಬ ಒಂದೇ ಪದ. ನಂತರ ಬಂದ ಟ್ಯಾಬ್ಲಾಯ್ಡ್ ಮುಖಪುಟಗಳೆಲ್ಲ ಈ ಪುಟದ ಮೊಮ್ಮಕ್ಕಳು. ಬ್ರಾಡ್‌ಶೀಟಿನ ಮುಖಪುಟದಲ್ಲಿ ಏಳೆಂಟು ಸುದ್ದಿಗಳು ಸಾಲಾಗಿ ಕೂತಿರುತ್ತವೆ, ಯಾವುದು ಮುಖ್ಯ ಎಂದು ಓದುಗ ತೂಗಿ ನೋಡಬಹುದು. ಇಲ್ಲಿ ಮುಖಪುಟ ಎಂದರೆ ಪೋಸ್ಟರ್. ಇಂದು ಲೋಕದಲ್ಲಿ ನಡೆದದ್ದು ಒಂದೇ ಸಂಗತಿ ಎಂಬಂತೆ ಅದು ನಿಲ್ಲುತ್ತದೆ.

ಈ ಶೀರ್ಷಿಕೆ ಕಟ್ಟುವ ಕೆಲಸವನ್ನು ಹಗುರಾಗಿ ಕಾಣುವವರು ಒಮ್ಮೆ ಪ್ರಯತ್ನಿಸಿ ನೋಡಬೇಕು. 1975ರಲ್ಲಿ ನ್ಯೂಯಾರ್ಕ್ ನಗರಾಡಳಿತ ದಿವಾಳಿಯ ಅಂಚಿನಲ್ಲಿತ್ತು. ನಗರವನ್ನು ಪಾರುಮಾಡುವ ಮಸೂದೆ ಬಂದರೆ ತಡೆಹಿಡಿಯುವುದಾಗಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅಕ್ಟೋಬರ್ 29ರಂದು ಭಾಷಣ ಮಾಡಿದರು. ಮರುದಿನ ‘ಡೈಲಿ ನ್ಯೂಸ್’ ಶೀರ್ಷಿಕೆಯ ತಾತ್ಪರ್ಯ: ‘ನಗರಕ್ಕೆ ಫೋರ್ಡ್ ಮಾತು: ಸಾಯಿ, ಹೋಗು’. ಫೋರ್ಡ್ ಹಾಗೆ ಹೇಳಿರಲೇ ಇಲ್ಲ. ಭಾಷಣದ ಸಾರ ಮಾತ್ರ ಅದೇ ಎಂದು ನಗರದ ಜನಕ್ಕೆ ಅನಿಸಿತು, ಕೆಲವೇ ವಾರಗಳಲ್ಲಿ ಫೋರ್ಡ್ ಮನಸ್ಸು ಬದಲಿಸಿ ಸಾಲಕ್ಕೆ ಒಪ್ಪಬೇಕಾಯಿತು. ಇದು ಸುಳ್ಳೋ, ಒತ್ತಿ ಗುಳಿಗೆ ಮಾಡಿದ ನಿಜವೋ? ನನಗೆ ಇದು ಎರಡನೆಯದೇ ಅನಿಸುತ್ತದೆ. ಆದರೆ ಗೆರೆ ಎಷ್ಟು ತೆಳುವೆಂದರೆ, ಅದೇ ಕೈಚಳಕ ಇನ್ನೊಂದು ದಿನ ಇನ್ನೊಂದು ಊರಿನಲ್ಲಿ ಘೋರವಾದದ್ದನ್ನೂ ಮಾಡಿತು.

‘ನಿಜ’ ಎಂಬ ಶೀರ್ಷಿಕೆ

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಾಗಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಉಸಿರುಗಟ್ಟಿ ಸತ್ತರು. ಸತ್ತವರ ಲೆಕ್ಕ ಕೊನೆಗೆ 97ಕ್ಕೆ ನಿಂತಿತು. ಅಭಿಮಾನಿಗಳು ಹೆಣಗಳ ಜೇಬು ಕತ್ತರಿಸಿದರು, ನೆರವಿಗೆ ಬಂದ ಪೊಲೀಸರ ಮೇಲೆ ಮೂತ್ರ ಮಾಡಿದರು ಎಂಬ ಮಾತು ಪೊಲೀಸರ ಕಡೆಯಿಂದ ಸುದ್ದಿ ಸಂಸ್ಥೆಯೊಂದರ ಮೂಲಕ ಪತ್ರಿಕೆಗಳಿಗೆ ಬಂತು. ಹಲವು ಪತ್ರಿಕೆಗಳು ಅದನ್ನು ಆರೋಪ ಎಂದು ಹಾಕಿದವು. ರೂಪರ್ಟ್ ಮರ್ಡಾಕ್ 1969ರಲ್ಲಿ ಕೊಂಡು ಟ್ಯಾಬ್ಲಾಯ್ಡ್ ಮಾಡಿದ್ದ ಲಂಡನ್ನಿನ ‘ದ ಸನ್’ ಏಪ್ರಿಲ್ 19ರಂದು ಅದೇ ಮಾತನ್ನು ‘ನಿಜ’ ಎಂಬ ಅರ್ಥದ ದೈತ್ಯ ಶೀರ್ಷಿಕೆಯ ಕೆಳಗೆ ಹಾಕಿತು. ಅದು ನಿಜವಾಗಿರಲಿಲ್ಲ. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಆ ಆರೋಪಗಳಿಗೆ ಆಧಾರವಿಲ್ಲ ಎಂದಿತು, 2016ರಲ್ಲಿ ಮರಣ ವಿಚಾರಣೆಯ ಜ್ಯೂರಿ ಅಭಿಮಾನಿಗಳ ತಪ್ಪಿಲ್ಲ ಎಂದು ತೀರ್ಮಾನಿಸಿತು. ಲಿವರ್‌ಪೂಲಿನಲ್ಲಿ ಆ ಪತ್ರಿಕೆಯನ್ನು ಮಾರದ ಅಂಗಡಿಗಳು ಇಂದಿಗೂ ಇವೆ.

ಟ್ಯಾಬ್ಲಾಯ್ಡ್ ಶೈಲಿಯ ಅಪಾಯವನ್ನು ಅಶ್ಲೀಲತೆಯಲ್ಲಿ, ಗಾಸಿಪ್ಪಿನಲ್ಲಿ ಹುಡುಕುವುದು ದಾರಿ ತಪ್ಪಿದ ಹುಡುಕಾಟ. ‘ಎನ್ನಲಾಗಿದೆ’, ‘ಪೊಲೀಸರು ಹೇಳುವಂತೆ’, ‘ಖಚಿತವಾಗಿಲ್ಲ’ ಎಂಬ ಸಣ್ಣ ಪದಗಳಿಗೆ ಆ ಶೀರ್ಷಿಕೆಯಲ್ಲಿ ಜಾಗವಿರುವುದಿಲ್ಲ. ಒತ್ತುವಾಗ ಮೊದಲು ಸೋರಿಹೋಗುವುದೇ ಅನುಮಾನ.

ಎರಡನೇ ಅಪಾಯ, ಸುದ್ದಿಯನ್ನು ಪಡೆಯುವ ದಾರಿ. ದಿನವೂ ಯಾರಲ್ಲೂ ಇಲ್ಲದ್ದನ್ನು ಕೊಡಲೇಬೇಕೆಂಬ ಒತ್ತಡ ಬ್ರಿಟನ್ನಿನಲ್ಲಿ ಫೋನ್ ಹ್ಯಾಕಿಂಗ್‌ವರೆಗೆ ಹೋಯಿತು. ತಂತ್ರಜ್ಞಾನದ ದೃಷ್ಟಿಯಿಂದ ಅದು ಅಂಥ ಸಾಹಸವೇನಲ್ಲ. ವಾಯ್ಸ್‌ಮೇಲ್‌ಗೆ ಕಂಪನಿ ಕೊಟ್ಟ ಪಿನ್ ಸಂಖ್ಯೆಯನ್ನು ಬಹಳ ಜನ ಬದಲಿಸುತ್ತಲೇ ಇರಲಿಲ್ಲ. ರಾಜಮನೆತನದವರ, ತಾರೆಯರ ಸಂದೇಶಗಳನ್ನು ಕದ್ದು ಕೇಳಿದ್ದು ಹೊರಬಂದಾಗ ಸಾರ್ವಜನಿಕರು ಅಷ್ಟಾಗಿ ಕೆರಳಲಿಲ್ಲ. ಕೊಲೆಯಾದ ಶಾಲಾ ಬಾಲಕಿಯೊಬ್ಬಳ ಫೋನಿಗೂ ‘ನ್ಯೂಸ್ ಆಫ್ ದ ವರ್ಲ್ಡ್’ನವರು ಕೈಹಾಕಿದ್ದರು ಎಂದು 2011ರ ಜುಲೈನಲ್ಲಿ ‘ಗಾರ್ಡಿಯನ್’ ಬರೆದಾಗ ಮಾತ್ರ ದೇಶವೇ ಹೇಸಿತು. ಅದೇ ತಿಂಗಳ 10ರಂದು, 168 ವರ್ಷಗಳ ‘ನ್ಯೂಸ್ ಆಫ್ ದ ವರ್ಲ್ಡ್’ ಕೊನೆಯ ಸಂಚಿಕೆ ತಂದಿತು. ಲೆವೆಸನ್ ನ್ಯಾಯಾಂಗ ವಿಚಾರಣೆ ನಡೆಯಿತು, ಪತ್ರಿಕೆಗಳ ಮೇಲಿನ ದೂರು ಕೇಳುತ್ತಿದ್ದ ಹಳೆಯ ಆಯೋಗ ಹೋಗಿ 2014ರಲ್ಲಿ ಇಪ್ಸೊ ಎಂಬ ಹೊಸ ಸಂಸ್ಥೆ ಬಂತು. ಆದರೂ ಲೆಕ್ಕ ಚುಕ್ತಾ ಆಗಿರಲಿಲ್ಲ: 2023ರ ಡಿಸೆಂಬರಿನಲ್ಲಿ ಮಿರರ್ ಸಮೂಹ ರಾಜಕುಮಾರ ಹ್ಯಾರಿಗೆ 1,40,600 ಪೌಂಡ್ ಕೊಡಬೇಕೆಂದು ಕೋರ್ಟು ತೀರ್ಪು ಕೊಟ್ಟಿತು, 2025ರ ಜನವರಿಯಲ್ಲಿ ‘ಸನ್’ ಪ್ರಕಾಶಕರು ಅವರ ಕ್ಷಮೆ ಕೇಳಿ ಪ್ರಕರಣ ಮುಗಿಸಿಕೊಂಡರು.

ಅಮೆರಿಕದ ‘ನ್ಯಾಷನಲ್ ಎನ್‌ಕ್ವೈರರ್’ ಮಾಡಿದ್ದು ಇನ್ನೂ ವಿಚಿತ್ರ. ಸೂಪರ್‌ಮಾರ್ಕೆಟ್ಟಿನ ಬಿಲ್ ಕಟ್ಟುವ ಸಾಲಿನಲ್ಲಿ ಮಾರಾಟವಾಗುವ ಈ ವಾರಪತ್ರಿಕೆ ದುಡ್ಡು ಕೊಟ್ಟು ಸುದ್ದಿ ಕೊಳ್ಳುವುದಕ್ಕೆ ಹೆಸರಾದದ್ದು. 2016ರಲ್ಲಿ ಅದರ ಮಾಲೀಕ ಕಂಪನಿ ಮಹಿಳೆಯೊಬ್ಬರಿಗೆ ಒಂದೂವರೆ ಲಕ್ಷ ಡಾಲರ್ ಕೊಟ್ಟು ಡೊನಾಲ್ಡ್ ಟ್ರಂಪ್ ಕುರಿತ ಅವರ ಕಥೆಯ ಹಕ್ಕು ಕೊಂಡಿತು, ಅಚ್ಚು ಮಾಡದೆ ಹೂತಿಡುವುದಕ್ಕಾಗಿ. ಕಂಪನಿಯ ಮುಖ್ಯಸ್ಥರಾಗಿದ್ದ ಡೇವಿಡ್ ಪೆಕರ್ 2024ರಲ್ಲಿ ನ್ಯೂಯಾರ್ಕ್ ಕೋರ್ಟಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿದರು. ಸುದ್ದಿ ಸರಕಾದ ಮೇಲೆ ಅದನ್ನು ಮಾರಲೂಬಹುದು, ಬಚ್ಚಿಡಲೂಬಹುದು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. 1979ರ ಸೆಪ್ಟೆಂಬರಿನಲ್ಲಿ ಸರ್ವಾಧಿಕಾರಿ ಪೋಲ್ ಪಾಟ್ ಆಳ್ವಿಕೆ ಮುಗಿದ ಕಾಂಬೋಡಿಯಾದಿಂದ ಜಾನ್ ಪಿಲ್ಜರ್ ಬರೆದ ವರದಿಗೆ ಸಂಚಿಕೆಯ ಬಹುಪಾಲು ಪುಟಗಳನ್ನು ಬಿಟ್ಟುಕೊಟ್ಟದ್ದು ‘ಡೈಲಿ ಮಿರರ್’ ಎಂಬ ಟ್ಯಾಬ್ಲಾಯ್ಡ್. ಲಕ್ಷಾಂತರ ಕಾರ್ಮಿಕರ ಮನೆಗಳಿಗೆ ಆ ದೂರದ ನರಕ ತಲುಪಿದ್ದು ಹಾಗೆ. ಲಂಡನ್ನಿನ ಕಪ್ಪು ತರುಣ ಸ್ಟೀಫನ್ ಲಾರೆನ್ಸ್ ಕೊಲೆಯ ಐವರು ಶಂಕಿತರ ಚಿತ್ರಗಳನ್ನು ‘ಡೈಲಿ ಮೇಲ್’ 1997ರ ಫೆಬ್ರುವರಿಯಲ್ಲಿ ‘ಕೊಲೆಗಡುಕರು’ ಎಂಬ ಶೀರ್ಷಿಕೆಯಡಿ ಮುದ್ರಿಸಿ, ತಪ್ಪಿದ್ದರೆ ಕೇಸು ಹಾಕಿ ಎಂದು ಸವಾಲೆಸೆಯಿತು. ಅವರಲ್ಲಿ ಇಬ್ಬರಿಗೆ 2012ರಲ್ಲಿ ಶಿಕ್ಷೆಯಾಯಿತು. ‘ನಿಜ’ ಎಂದು ಕೂಗಿದ ಕೈಚಳಕಕ್ಕೂ ಇದಕ್ಕೂ ರೂಪದಲ್ಲಿ ವ್ಯತ್ಯಾಸವೇ ಇಲ್ಲ. ಒಂದು ಬಡವರ ಮೇಲೆ ಪೊಲೀಸರ ಪರ ಕೂಗಿತು, ಇನ್ನೊಂದು ಪೊಲೀಸರ ನಿರ್ಲಕ್ಷ್ಯದ ವಿರುದ್ಧ ಕೂಗಿತು. ಅದನ್ನು ಒಪ್ಪುವಾಗಲೂ ನನಗೆ ಒಳಗೊಳಗೇ ಅಳುಕಿದೆ. ವಿಚಾರಣೆಗೆ ಮುಂಚೆ ಪತ್ರಿಕೆ ತೀರ್ಪು ಕೊಡುವುದು ಎಲ್ಲ ಸಲವೂ ಸರಿಯಾದ ಕಡೆಗೇ ವಾಲುವುದಿಲ್ಲ.

ಅಳತೆಯ ವಿಷಯಕ್ಕೆ ಬಂದರೆ ಪ್ಯಾಟರ್ಸನ್ ಮಗಳು ಅಲಿಸಿಯಾ ಪ್ಯಾಟರ್ಸನ್ 1940ರಲ್ಲಿ ಲಾಂಗ್ ಐಲ್ಯಾಂಡಿನಲ್ಲಿ ತೆರೆದ ‘ನ್ಯೂಸ್‌ಡೇ’ ನೋಡಬೇಕು. ಅಪ್ಪನ ಅಳತೆ, ಆದರೆ ಬಹುಮಟ್ಟಿಗೆ ಮನೆಮನೆಗೆ ಹೋಗುವ ಉಪನಗರದ ಪತ್ರಿಕೆ. ಅದು ಹಲವು ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಕನ್ನಡದಲ್ಲಿ 1980ರಲ್ಲಿ ಪಿ. ಲಂಕೇಶ್ ಜಾಹೀರಾತಿನ ಹಂಗಿಲ್ಲದೆ ತಂದ ವಾರಪತ್ರಿಕೆಯೂ ಇದೇ ಅರ್ಧ ಹಾಳೆಯದು. ಮುಖ್ಯಮಂತ್ರಿಗಳನ್ನು ಚುಚ್ಚುವ ಬರಹದ ಪಕ್ಕದಲ್ಲೇ ಕವಿತೆಯೂ ಕಥೆಯೂ ಇರುತ್ತಿದ್ದವು. ಕ್ರೈಮ್ ಕಥೆಗಳ ವಾರಪತ್ರಿಕೆಗಳೂ ಅದೇ ಅಳತೆ ಹಿಡಿದದ್ದರಿಂದ ನಮ್ಮಲ್ಲಿ ‘ಟ್ಯಾಬ್ಲಾಯ್ಡ್’ ಎಂದಾಗ ಒಬ್ಬರಿಗೆ ಅಭಿಮಾನ, ಇನ್ನೊಬ್ಬರಿಗೆ ಮುಜುಗರ.

ಗಂಭೀರ ಪತ್ರಿಕೆಗಳು ಚಿಕ್ಕ ಹಾಳೆಗೆ ಇಳಿದಾಗ ನಡೆದದ್ದು ಸ್ವಲ್ಪ ತಮಾಷೆಯದು. 2003ರಲ್ಲಿ ಲಂಡನ್ನಿನ ‘ಇಂಡಿಪೆಂಡೆಂಟ್’ ಅರ್ಧ ಅಳತೆಗೆ ಬಂತು, ಹಿಂದೆಯೇ ‘ಟೈಮ್ಸ್’ ಬಂತು. ಎರಡೂ ತಮ್ಮನ್ನು ಟ್ಯಾಬ್ಲಾಯ್ಡ್ ಎಂದುಕೊಳ್ಳದೆ ‘ಕಾಂಪ್ಯಾಕ್ಟ್’ ಎಂದುಕೊಂಡವು. ‘ಗಾರ್ಡಿಯನ್’ ಮರ್ಯಾದೆ ಉಳಿಸಿಕೊಳ್ಳಲು 2005ರಲ್ಲಿ ಬರ್ಲಿನರ್ ಅಳತೆ ಆರಿಸಿ, ಅದಕ್ಕೆಂದೇ ಸುಮಾರು 8 ಕೋಟಿ ಪೌಂಡ್ ವೆಚ್ಚದಲ್ಲಿ ಯಂತ್ರಗಳನ್ನು ತರಿಸಿತು. 2018ರ ಜನವರಿಯಲ್ಲಿ ಖರ್ಚು ತಾಳಲಾರದೆ ಅದೂ ಟ್ಯಾಬ್ಲಾಯ್ಡ್ ಆಯಿತು, ಅದೂ ‘ಡೈಲಿ ಮಿರರ್’ನ ಮಾಲೀಕ ಕಂಪನಿಯ ಮುದ್ರಣಾಲಯಗಳಲ್ಲಿ. ಈ ಇಳಿತದಲ್ಲಿ ಲೇಖನಗಳಿಗಿಂತ ಹೆಚ್ಚು ತಲೆನೋವು ಕೊಟ್ಟದ್ದು ಜಾಹೀರಾತು: ಪೂರ್ತಿ ಪುಟದ ದರ ಕೊಡುತ್ತಿದ್ದವರಿಗೆ ಈಗ ಸಿಗುವುದು ಅರ್ಧ ಜಾಗ. ಸಂಪಾದಕೀಯಗಳ ಗಾಂಭೀರ್ಯವಂತೂ ಕುಗ್ಗಲಿಲ್ಲ.

ಹಾಳೆ ಹೋದ ಮೇಲೆ

ಈಗ ಮಾರಾಟದ ಲೆಕ್ಕಕ್ಕೆ ಮರಳಿ. ಚಂದಾದಾರನಿಗೆ ಪತ್ರಿಕೆ ಮಾರುತ್ತಿದ್ದದ್ದು ಒಂದು ವರ್ಷವನ್ನು. ಸ್ಟಾಂಡಿನಲ್ಲಿ ಮಾರುತ್ತಿದ್ದದ್ದು ಒಂದು ದಿನವನ್ನು. ಜಾಹೀರಾತಿನಿಂದ ಬದುಕುವ ಜಾಲತಾಣ ಮಾರುವುದು ಒಂದೊಂದು ಶೀರ್ಷಿಕೆಯನ್ನು. ಫೋನಿನ ಪರದೆಯಲ್ಲಿ ಬೆರಳಾಡಿಸುವವನಿಗೆ ಅದು ಯಾವ ಪತ್ರಿಕೆಯದು ಎಂಬುದೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಬಜೆಟ್ ವಿಶ್ಲೇಷಣೆಯೂ ನಟಿಯ ವಿಚ್ಛೇದನವೂ ಒಂದೇ ಅಂಗಡಿಯ ಮುಂದೆ ಒಬ್ಬನೇ ಗಿರಾಕಿಗಾಗಿ ಕೂಗಬೇಕು. ಬೀದಿಯ ಸ್ಟಾಂಡ್ ಈಗ ಪ್ರತಿ ಲೇಖನದ ಮುಂದೆ ಬಂದು ನಿಂತಿದೆ, ಆದ್ದರಿಂದಲೇ ಟ್ಯಾಬ್ಲಾಯ್ಡ್ ಆಗಬಾರದೆಂದು ನೂರು ವರ್ಷ ಕೈತೊಳೆದುಕೊಂಡಿದ್ದ ಪತ್ರಿಕೆಗಳ ಜಾಲತಾಣಗಳಲ್ಲೂ ‘ಕೊನೆಗೂ ಬಯಲಾಯ್ತು’, ‘ಇದನ್ನು ನೋಡಿದ್ರೆ ಬೆಚ್ಚಿಬೀಳ್ತೀರಿ’ ಕಾಣಿಸುತ್ತಿವೆ.

ಹಳೆಯ ಟ್ಯಾಬ್ಲಾಯ್ಡ್ ಸಂಪಾದಕನಿಗೂ ಇಂದಿನ ಜಾಲತಾಣಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅವನು ಜನರ ನಾಡಿಮಿಡಿತ ಊಹಿಸುತ್ತಿದ್ದ, ಎಷ್ಟೋ ಸಲ ತಪ್ಪುತ್ತಿದ್ದ. ಇಂದು ಒಂದೇ ಸುದ್ದಿಗೆ ಎರಡು ಮೂರು ಶೀರ್ಷಿಕೆ ಕೊಟ್ಟು, ಬೇರೆ ಬೇರೆ ಓದುಗರಿಗೆ ತೋರಿಸಿ, ಯಾವುದಕ್ಕೆ ಹೆಚ್ಚು ಕ್ಲಿಕ್ ಬಿತ್ತೋ ಅದನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇದೆ. ಊಹೆಯ ಜಾಗಕ್ಕೆ ಅಳತೆ ಬಂದಿದೆ. ಹಳೆಯ ಮುಖಪುಟದಲ್ಲಿ ಕನಿಷ್ಠ ಶೀರ್ಷಿಕೆ ಸುದ್ದಿಯನ್ನು ಹೇಳಿಬಿಡುತ್ತಿತ್ತು: ‘ಸತ್ತಳು!’ ಎಂದರೆ ಸತ್ತಳು. ಈಗಿನ ಶೀರ್ಷಿಕೆ ಸುದ್ದಿಯನ್ನು ಮುಚ್ಚಿಡುತ್ತದೆ, ಏಕೆಂದರೆ ಹೇಳಿಬಿಟ್ಟರೆ ಒಳಗೆ ಯಾರೂ ಬರುವುದಿಲ್ಲ. ಒತ್ತಿ ಕೊಡುವ ಹಾರ್ಮ್ಸ್‌ವರ್ತ್ ಆದರ್ಶಕ್ಕೆ ಇದು ನೇರ ವಿರುದ್ಧ. ಈ ಅರ್ಥದಲ್ಲಿ ಕ್ಲಿಕ್‌ಬೈಟನ್ನು ಟ್ಯಾಬ್ಲಾಯ್ಡ್ ಎಂದು ಕರೆಯುವುದು ಟ್ಯಾಬ್ಲಾಯ್ಡಿಗೇ ಅವಮಾನ.

ಚಂದಾ ಪದ್ಧತಿ ಅಂತರ್ಜಾಲಕ್ಕೂ ಮರಳಿದೆ, ದುಡ್ಡು ಕೊಟ್ಟವರಿಗಷ್ಟೇ ತೆರೆಯುವ ಪತ್ರಿಕೆಗಳಲ್ಲಿ ಕೂಗಾಟ ಕಡಿಮೆ ಎಂಬುದನ್ನು ಯಾರಾದರೂ ಗಮನಿಸಬಹುದು. ಆದರೆ ದಿನಕ್ಕೊಂದು ಗಿರಾಕಿಯನ್ನು ಹಿಡಿದು ಬದುಕಿದ ಪತ್ರಿಕೆಗೆ ತಿಂಗಳ ಲೆಕ್ಕಕ್ಕೆ ಹೊರಳುವುದು ಸುಲಭವಲ್ಲ. ‘ಸನ್’ 2013ರಲ್ಲಿ ತನ್ನ ಜಾಲತಾಣಕ್ಕೆ ಶುಲ್ಕದ ಗೋಡೆ ಕಟ್ಟಿ, 2015ರಲ್ಲಿ ಅದನ್ನು ಕೆಡವಿತು. ಪುಕ್ಕಟೆ ಸಿಗುವ ತಾರೆಯರ ಸುದ್ದಿಗೆ ತಿಂಗಳ ಬಾಡಿಗೆ ಕಟ್ಟುವವರು ಸಾಕಷ್ಟು ಸಿಗಲಿಲ್ಲ. ಪುಕ್ಕಟೆ ಜಾಲತಾಣದಿಂದಲೇ ಲೋಕದಾದ್ಯಂತ ಓದುಗರನ್ನು ಗಳಿಸಿದ ‘ಮೇಲ್’ ಕೂಡ 2024ರ ಜನವರಿಯಿಂದ ಬ್ರಿಟನ್ನಿನಲ್ಲಿ ಕೆಲವು ಲೇಖನಗಳಿಗೆ ದುಡ್ಡು ಕೇಳುತ್ತಿದೆ. ಮಿಕ್ಕ ಪುಟ ಎಂದಿನಂತೆ ಪುಕ್ಕಟೆ. ಒಂದೇ ಜಾಲತಾಣದಲ್ಲಿ ಚಂದಾದಾರನಿಗೊಂದು ದನಿ, ದಾರಿಹೋಕನಿಗೊಂದು ದನಿ.